ಅಜ್ಜಿ ಕೊಟ್ಟ ಹತ್ತಕ್ಕೆ ಹತ್ತು

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಆದಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಕ್ಲಬ್‌ನವರು ತಿದ್ದಿರ್ತಾರೆ. ತಿದ್ದಿಲ್ಲ ಅಂದ್ರೆ ಅವರಿಗೂ ಗೊತ್ತಾಗಿಲ್ಲ ಅಂತ ಅರ್ಥ.

ಕಳೆದ ಜನವರಿಯ ಸೆಮ್ ರಜೆಯಲ್ಲಿ ನಾವು ಮನೆಯವರೆಲ್ಲ ಬಾಲಿಗೆ ಹೋಗಿದ್ವಿ. ಇಂಡೋನೇಷ್ಯಾದ ಬಾಲಿ. ನಮ್ಮದು ತಿಪಟೂರು. ವರ್ಷಕ್ಕೊಂದು ಸಲ ಧರ್ಮಸ್ಥಳ, ಎರಡು ವರ್ಷಕ್ಕೊಮ್ಮೆ ಗೋಕರ್ಣ, ಇದು ನಮ್ಮ ಮನೆಯ ಪ್ರವಾಸದ ಚರಿತ್ರೆ. ಈ ಸಲ ಅಮ್ಮನ ಚೀಟಿ ದುಡ್ಡು ಬಂದಿತ್ತು. "ಒಂದ್ಸಲ ಎಲ್ಲರೂ ಪಾಸ್‌ಪೋರ್ಟ್‌ಗೆ ಸೀಲ್ ಹಾಕಿಸ್ಕೊಳ್ಳೋಣ" ಅಂತ ಅಮ್ಮನೇ ಹೇಳಿದ್ದು. ಅಪ್ಪ, ಅಮ್ಮ, ನಾನು, ಅಜ್ಜಿ. ಅಜ್ಜಿಗೆ 74. ಜೀವನದ ಮೊದಲ ಪಾಸ್‌ಪೋರ್ಟ್.

ಮನೆಯಲ್ಲಿ ಇಂಟರ್ನೆಟ್ ಇಲಾಖೆ ನಂದು. ಹಾಗಾಗಿ ಉಳಿಯೋ ಜಾಗ ಹುಡುಕೋ ಕೆಲಸ ನನಗೆ ಬಂತು. ಹಾಸ್ಟೆಲ್‌ನಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಎಡಗಡೆ 14 ವಿಲ್ಲಾಗಳ ಹೆಸರು, ಮೇಲ್ಗಡೆ ಕಾಲಂಗಳು: ಪೂಲ್, ಎಸಿ, ವೈಫೈ ಸ್ಪೀಡ್, ಅಡುಗೆಮನೆ, ಬಿಸಿನೀರು, ಬೆಳಗಿನ ತಿಂಡಿ, ವ್ಯೂ, ಜನ ಕೊಟ್ಟ ರೇಟಿಂಗ್. ಒಂದೊಂದಕ್ಕೂ ವೇಯ್ಟೇಜ್. ರೂಮ್‌ಮೇಟ್ ನೋಡಿ "ಮಿನಿ ಪ್ರಾಜೆಕ್ಟ್‌ಗೆ ಇಷ್ಟು ಕಷ್ಟಪಟ್ಟಿದ್ರೆ ಎ ಗ್ರೇಡ್ ಬರ್ತಿತ್ತಲ್ಲೇ" ಅಂದಳು. ನಮ್ಮ ಹಾಸ್ಟೆಲ್‌ನಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಏಳು, ಅದೂ ಕ್ಯೂ ಮುಂದೆ ಇದ್ದವರಿಗೆ ಮಾತ್ರ ಅನ್ನೋದು ನಿಮಗೆ ಗೊತ್ತೇ ಇದೆ. ಅಂಥ ಕಡೆ ಕೂತು "ಪ್ರೈವೇಟ್ ಪೂಲ್" ಅಂತ ಟೈಪ್ ಮಾಡೋವಾಗಿನ ಖುಷಿಯೇ ಬೇರೆ.

ಗೆದ್ದದ್ದು ಉಬುದ್ ಹತ್ತಿರದ ಒಂದು ವಿಲ್ಲಾ. ರೇಟಿಂಗ್ ಹತ್ತಕ್ಕೆ 9.3. ಜನವರಿ ಅಲ್ಲಿ ಮಳೆಗಾಲ, ಅದಕ್ಕೇ ಬಾಡಿಗೆ ಕಡಿಮೆ. ಮಳೆಗಾಲ ಅಂತ ಗೊತ್ತಿತ್ತು. ಆದರೆ ನನ್ನ ಶೀಟ್‌ನಲ್ಲಿ ಮಳೆಗೆ ಕಾಲಂ ಇರಲಿಲ್ಲ.

ಬೆಂಗಳೂರಿಂದ ನೇರ ವಿಮಾನ, ಸುಮಾರು ಏಳು ಗಂಟೆ ಪ್ರಯಾಣ. ಅಲ್ಲಿ ಇಳಿದರೆ ನಮಗಿಂತ ಎರಡೂವರೆ ಗಂಟೆ ಮುಂದೆ. ವೀಸಾಗೆ ತಲೆಗೆ 5 ಲಕ್ಷ, ಪ್ರವಾಸಿ ತೆರಿಗೆ ಅಂತ ಇನ್ನೂ ಒಂದೂವರೆ ಲಕ್ಷ. ಹೆದರಬೇಡಿ, ಅವರ ರುಪಯಾದಲ್ಲಿ. ಆದರೂ ಕೌಂಟರ್‌ನಲ್ಲಿ ಅಪ್ಪ "ಇಪ್ಪತ್ತು ಲಕ್ಷ" ಅನ್ನೋದನ್ನ ಕೇಳಿ ಅಜ್ಜಿ ಸೆರಗು ಬಾಯಿಗೆ ಹಿಡಕೊಂಡರು.

ವಿಲ್ಲಾ ತಲುಪಿದಾಗ ಸಂಜೆ. ಗೇಟು ದಾಟಿದ ತಕ್ಷಣ ಎದುರಿಗೆ ಅಡ್ಡ ಒಂದು ಗೋಡೆ, ಅದನ್ನ ಸುತ್ತಿಕೊಂಡು ಒಳಗೆ ಹೋಗಬೇಕು. ಅದಕ್ಕೆ ಆಲಿಂಗ್-ಆಲಿಂಗ್ ಅಂತಾರೆ. ಕೆಟ್ಟ ಶಕ್ತಿ ನೇರವಾಗಿ ಒಳಗೆ ನುಗ್ಗಬಾರದು ಅಂತ ಬಾಲಿಯ ಮನೆಗಳಲ್ಲೆಲ್ಲ ಕಟ್ತಾರಂತೆ. ರಸ್ತೆಯಲ್ಲಿ ಹೋಗೋರಿಗೆ ಮನೆಯೊಳಗೂ ಕಾಣಲ್ಲ, ಎರಡೂ ಲಾಭ. ಈಶಾನ್ಯದ ಮೂಲೆಯಲ್ಲಿ ಪುಟ್ಟ ದೇವಸ್ಥಾನ. ಅಜ್ಜಿ ಅದನ್ನ ನೋಡಿದ್ದೇ "ಈಶಾನ್ಯಕ್ಕೇ ಇಟ್ಟವ್ರೆ ನೋಡು" ಅಂತ ಒಪ್ಪಿಗೆ ಕೊಟ್ಟರು. ವಿಲ್ಲಾ ನೋಡಿಕೊಳ್ಳೋ ಹೆಂಗಸು ಕೈ ಮುಗಿದು "ಓಂ ಸ್ವಸ್ತಿಯಸ್ತು" ಅಂದರು. ಅಜ್ಜಿ ಅರ್ಧ ನಿಮಿಷ ಅವರ ಮುಖವನ್ನೇ ನೋಡಿ, "ಅಯ್ಯೋ, ಸ್ವಸ್ತಿ ಅಂತಾವಳೆ ಕಣೇ" ಅಂದರು. ಆಮೇಲೆ ಥ್ಯಾಂಕ್ಸ್‌ಗೆ ಅಲ್ಲಿ "ಸುಕ್ಸ್ಮ" ಅಂತಾರೆ ಅಂತ ಗೊತ್ತಾಯ್ತು, ನಮ್ಮ ಸೂಕ್ಷ್ಮವೇ. ಆ ಹೆಂಗಸನ್ನ ನಾವು ಇಬು ಅಂತ ಕರೀತಿದ್ವಿ. ಇಬು ಅಂದ್ರೆ ಅಲ್ಲಿ ಅಮ್ಮ, ಮೇಡಂ ಎರಡೂ.

ಫೋಟೋದಲ್ಲಿದ್ದದ್ದೆಲ್ಲ ಇತ್ತು, ಸುಳ್ಳು ಹೇಳಬಾರದು. ಒಣಹುಲ್ಲು ಹೊದಿಸಿದ ಎತ್ತರದ ಚಾವಣಿ. ನೀಲಿ ಪೂಲ್. ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಭತ್ತದ ಗದ್ದೆ. ಈ ಗದ್ದೆಗಳಿಗೆ ನೀರು ಹಂಚೋ ವ್ಯವಸ್ಥೆಗೆ ಸುಬಕ್ ಅಂತ ಹೆಸರು. ಮೇಲಿನ ಗದ್ದೆಯವನು, ಕೆಳಗಿನ ಗದ್ದೆಯವನು ಎಲ್ಲರೂ ಸೇರಿ, ನೀರಿನ ದೇವಸ್ಥಾನಗಳ ಜೊತೆಗೂಡಿ ಯಾರಿಗೆ ಯಾವಾಗ ನೀರು ಅಂತ ತೀರ್ಮಾನ ಮಾಡ್ತಾರೆ. ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನಮ್ಮ ಪಕ್ಕದ ಗದ್ದೆಯಲ್ಲಿ ಮಾತ್ರ ಇನ್ನೊಂದು ವಿಲ್ಲಾಗೆ ಪಾಯ ತೆಗೀತಿದ್ರು. ಅದು ಯಾವ ಫೋಟೋದಲ್ಲೂ ಇರಲಿಲ್ಲ.

ಮೊದಲ ದಿನ ನಾನು ಇನ್‌ಸ್ಪೆಕ್ಷನ್‌ಗೆ ಬಂದ ಆಫೀಸರ್ ಥರ ಎಲ್ಲ ಚೆಕ್ ಮಾಡಿದೆ. ಎಸಿ ಮೇಲೆ "1 ಪಿಕೆ" ಅಂತ ಬರೆದಿತ್ತು. ನನಗೆ ಆಮಿರ್ ಖಾನ್ ಸಿನಿಮಾ ನೆನಪಾಯ್ತು. ಆಮೇಲೆ ನೋಡಿದರೆ, ಡಚ್ಚರು ಆಳಿದ ದೇಶ ಅಲ್ವಾ, ಡಚ್ ಭಾಷೆಯಲ್ಲಿ ಹಾರ್ಸ್‌ಪವರ್‌ಗೆ ಪಿಕೆ ಅಂತಾರೆ. 1 ಪಿಕೆ ಅಂದ್ರೆ 9000 ಬಿಟಿಯು, ನಮ್ಮ ಲೆಕ್ಕದಲ್ಲಿ ಮುಕ್ಕಾಲು ಟನ್. ಅಷ್ಟು ಎತ್ತರದ ಹುಲ್ಲಿನ ಚಾವಣಿ, ಸಂದಿನಲ್ಲೆಲ್ಲ ಗಾಳಿ ಹೋಗುತ್ತೆ. ಮುಕ್ಕಾಲು ಟನ್ ಎಸಿ ರಾತ್ರಿಯಿಡೀ ದುಡಿದು ಗದ್ದೆಯನ್ನ ತಂಪು ಮಾಡ್ತಿತ್ತು.

ಕರೆಂಟ್ ಕಥೆ ಇನ್ನೂ ಮಜಾ. ಅಲ್ಲಿ ಮೀಟರ್ ಪ್ರಿಪೇಯ್ಡ್. ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತೆ, ಮೀಟರಿನ ಕೀಪ್ಯಾಡ್‌ನಲ್ಲಿ ಅದನ್ನ ಒತ್ತಬೇಕು. ಮುಗಿಯೋಕೆ ಬಂದರೆ ಮೀಟರ್ ಬೀಪ್ ಬೀಪ್ ಅಂತ ಅಳುತ್ತೆ. ನಮ್ಮ ವಿಲ್ಲಾದ ಬ್ರೇಕರ್ 20 ಆಂಪಿಯರ್, ಅಂದ್ರೆ 4400 ವಿಎ. ಎರಡು ಬೆಡ್‌ರೂಮು, ಹಾಲು ಸೇರಿ ಮೂರು ಎಸಿ, ಜೊತೆಗೆ ಪೂಲ್ ಮೋಟರ್. ಅಮ್ಮ ಕಾಫಿಗೆ ನೀರು ಕಾಯಿಸೋಕೆ ಕೆಟಲ್ ಹಾಕಿದಳು, ಢಬ್. ಇಡೀ ವಿಲ್ಲಾ ಕತ್ತಲು. ಇಇಇ ಓದೋ ರೂಮ್‌ಮೇಟ್‌ಗೆ ಮೆಸೇಜ್ ಮಾಡಿ ಲೆಕ್ಕ ಹಾಕಿಸಿದೆ: ಎಸಿ ಒಂದಕ್ಕೆ 800 ವಾಟ್ ಹಿಡಿದರೆ ಮೂರಕ್ಕೆ 2400, ಮೋಟರ್ 750, ಕೆಟಲ್ 1800. ಒಟ್ಟು 4950. "ಕಾಫಿ ಬೇಕಾದ್ರೆ ಒಂದು ಎಸಿ ಆಫ್ ಮಾಡು" ಅಂತ ಉತ್ತರ ಬಂತು. ಅಮ್ಮ ತಂದಿದ್ದ ಎಲೆಕ್ಟ್ರಿಕ್ ಕುಕ್ಕರ್‌ದು ನಮ್ಮ ಮೂರು ಪಿನ್ನು, ಅಲ್ಲಿ ಎರಡು ಗುಂಡು ತೂತಿನ ಸಾಕೆಟ್. ಫೋನ್ ಚಾರ್ಜರ್ ಹಿಡಿಸಿತು, ಕುಕ್ಕರ್ ಸೂಟ್‌ಕೇಸ್‌ನಲ್ಲೇ ಉಳೀತು. ನಲ್ಲಿ ನೀರು ಕುಡಿಯೋ ಹಾಗಿಲ್ಲ, ಕ್ಯಾನ್ ನೀರೇ. ಬಟ್ಟೆ ಮೂರು ದಿನ ಆದರೂ ಒಣಗಲಿಲ್ಲ.

ಇದೆಲ್ಲ ನನಗೆ ಕಂಪ್ಲೇಂಟ್ ಅಂತ ಅನ್ಸಲೇ ಇಲ್ಲ. ಇನ್‌ಸ್ಟಾಗೆ ಹಾಕೋಕೆ ಸಾಕಷ್ಟು ಸಿಕ್ಕಿತ್ತು. ನನ್ನ ಲೆಕ್ಕದಲ್ಲಿ ಹತ್ತಕ್ಕೆ ಒಂಬತ್ತು. ಅಜ್ಜಿಯನ್ನ ಕೇಳಿದೆ, "ಹೆಂಗಿದೆ ಅಜ್ಜಿ? ಹತ್ತಕ್ಕೆ ಎಷ್ಟು ಕೊಡ್ತೀರಾ?"

"ಹತ್ತಕ್ಕೆ ಹತ್ತು ಕಣೇ ಪುಟ್ಟಿ. ಇಂಥಾದ್ದು ನೋಡ್ತೀನಿ ಅಂದ್ಕೊಂಡಿರ್ಲಿಲ್ಲ."

ಪ್ರತಿ ಸಲ ಕೇಳಿದಾಗಲೂ ಇದೇ ಉತ್ತರ. ನಾನು ನಂಬಿದೆ.

ಈಗ ಆ ವಿಲ್ಲಾದ ಬಾತ್‌ರೂಮ್ ಬಗ್ಗೆ ಹೇಳಬೇಕು. ನನ್ನ ಶೀಟ್‌ನಲ್ಲಿ ಅದಕ್ಕೆ ಬೋನಸ್ ಮಾರ್ಕ್ ಕೊಟ್ಟಿದ್ದೆ. ಯಾಕಂದ್ರೆ ಅದು ಓಪನ್ ಬಾತ್‌ರೂಮ್. ಎತ್ತರದ ಗೋಡೆ, ಮೇಲೆ ಆಕಾಶ. ಕಮೋಡ್ ಮೇಲೆ ಮಾತ್ರ ಒಂದು ಚೂರು ಮಾಡು. ನೆಲಕ್ಕೆ ನುಣುಪಾದ ಕರಿ ಕಲ್ಲು, ಸುತ್ತ ಗುಂಡುಗಲ್ಲು, ಮಧ್ಯೆ ಒಂದು ದೇವಕಣಗಿಲೆ ಮರ. ಸ್ನಾನ ಮಾಡ್ತಿದ್ರೆ ಹೂವು ಬೀಳುತ್ತೆ. ಬಿಸಿ, ತೇವ ಇರೋ ಊರಲ್ಲಿ ಇದಕ್ಕೆ ಅರ್ಥ ಇದೆ. ಮುಚ್ಚಿದ ಬಾತ್‌ರೂಮ್ ಬೂಷ್ಟು ಹಿಡಿಯುತ್ತೆ, ತೆರೆದದ್ದು ಬಿಸಿಲು ಗಾಳಿಗೆ ಒಣಗುತ್ತೆ. ಆದರೆ ಬಿಸಿಲಿದ್ದರೆ ತಾನೇ? ನಾವಿದ್ದ ದಿನಗಳಲ್ಲಿ ಮಧ್ಯಾಹ್ನ ಶುರುವಾದ ಮಳೆ ರಾತ್ರಿಯಿಡೀ ಹೊಡೀತಿತ್ತು. ಕಲ್ಲಿನ ಸಂದಿಯಲ್ಲಿ ತೆಳ್ಳಗೆ ಪಾಚಿ.

ನಾನು, ಅಜ್ಜಿ ಒಂದೇ ರೂಮಿನಲ್ಲಿ ಮಲಗ್ತಿದ್ವಿ. ರೂಮಿನಿಂದ ಬಾತ್‌ರೂಮ್‌ಗೆ ಐದು ಮೆಟ್ಟಿಲು ಇಳೀಬೇಕು. ಪಕ್ಕದಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ. ಲೈಟಿನ ಸ್ವಿಚ್ಚು ಮೆಟ್ಟಿಲ ಕೆಳಗೆ.

ಮೂರನೇ ದಿನ ತಂಪಾಕ್‌ಸಿರಿಂಗ್‌ನ ತೀರ್ಥ ಎಂಪುಲ್‌ಗೆ ಹೋದ್ವಿ. 10ನೇ ಶತಮಾನದ ದೇವಸ್ಥಾನ. ನೆಲದಿಂದ ಉಕ್ಕೋ ಬುಗ್ಗೆಯ ನೀರನ್ನ ಸಾಲು ಸಾಲು ಬಾಯಿಗಳಿಂದ ಕೊಳಕ್ಕೆ ಬಿಡ್ತಾರೆ, ಜನ ಒಂದೊಂದರ ಕೆಳಗೂ ತಲೆ ಒಡ್ಡಿ ಮುಂದೆ ಹೋಗ್ತಾರೆ. ಅಜ್ಜಿ ಸೀರೆ ಮೇಲೆ ಅವರು ಕೊಟ್ಟ ಸೊಂಟದ ಪಟ್ಟಿ ಕಟ್ಟಿಸಿಕೊಂಡು ಖುಷಿಯಾಗಿದ್ರು. ತಿಪಟೂರಿನವರಲ್ವಾ, ದಾರಿಯುದ್ದಕ್ಕೂ ತೆಂಗಿನಮರ ನೋಡಿ "ಕಾಯಿ ದೊಡ್ಡದೇ, ಕೊಬ್ಬರಿಗೆ ಆಗ್ತದೋ ಇಲ್ವೋ" ಅಂತ ವಿಮರ್ಶೆ ಬೇರೆ. ಕೊಳದ ಹತ್ತಿರ ಬಂದವರು ಹಾಗೇ ಕಂಬ ಹಿಡಿದು ಕೂತುಬಿಟ್ಟರು. ಕಣ್ಣು ಕತ್ತಲೆ ಬಂತು ಅಂದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅಪ್ಪ ಎಳನೀರು ತಂದರು, ಅಮ್ಮ ಬ್ಯಾಗಿಂದ ಓಆರ್‌ಎಸ್ ತೆಗೆದಳು. ಸುತ್ತ ನೀರೋ ನೀರು, ನಮ್ಮಜ್ಜಿಗೆ ನೀರಿಲ್ಲದೆ ತಲೆಸುತ್ತು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಮ್ಮ ಕೇಳಿದಳು, "ಅತ್ತೆ, ನೀರು ಕುಡೀತಿದ್ದೀರಾ ಸರಿಯಾಗಿ?"

ಅಜ್ಜಿ ಮಾತಾಡಲಿಲ್ಲ. ಅಪ್ಪ ಆ ಕಡೆ ಹೋದಮೇಲೆ ಮೆತ್ತಗೆ ಹೇಳಿದರು. "ಮಧ್ಯಾಹ್ನ ಆದ್ಮೇಲೆ ಮುಟ್ತಿರ್ಲಿಲ್ಲ. ಕುಡಿದ್ರೆ ರಾತ್ರಿ ಎದ್ದು ಹೋಗ್ಬೇಕಾಗ್ತದೆ. ಆ ಕಲ್ಲು ಜಾರ್ತದೆ ಕಣವ್ವ."

"ನನ್ನ ಎಬ್ಬಿಸಬೇಕಿತ್ತಲ್ವಾ ಅಜ್ಜಿ?" ಅಂದೆ.

"ಎರಡು ರಾತ್ರಿ ಮಳೇಲಿ ಒಬ್ಳೇ ಹೋಗ್‌ಬಂದೆ. ನೀನು ಎಷ್ಟು ಆಸೆಪಟ್ಟು ಹುಡುಕಿದ್ದೀಯ ಆ ಮನೇನ. ಸರಿಯಿಲ್ಲ ಅಂತ ಹೆಂಗೆ ಹೇಳ್ಲಿ?"

ನಾನು ಅಲ್ಲೇ ಅತ್ತುಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಅಳಲಿಲ್ಲ. ನಾಚಿಕೆ ಆಯ್ತು. ಅವರ ಪಕ್ಕದ ಮಂಚದಲ್ಲೇ ನಾನು ಮಲಗಿದ್ದೆ, ಕಿವಿಗೆ ಇಯರ್‌ಬಡ್ಸ್ ಹಾಕ್ಕೊಂಡು.

ವಿಲ್ಲಾಗೆ ವಾಪಸ್ ಬಂದವಳೇ ಅಜ್ಜಿ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ರಾತ್ರಿ ಎದ್ದು ಹೋಗೋದನ್ನ ಮಾಡಿ ನೋಡಿದೆ. ಮೊದಲು ಸೊಳ್ಳೆಪರದೆಯ ಸಂದು ಹುಡುಕಬೇಕು. ಎತ್ತರದ ಮಂಚದಿಂದ ಇಳೀಬೇಕು. ಭಾರದ ಮರದ ಬಾಗಿಲು ಎಳೀಬೇಕು. ಕತ್ತಲಲ್ಲಿ ಐದು ಮೆಟ್ಟಿಲು. ಕೆಳಗೆ ಹೋದಮೇಲೆ ಸ್ವಿಚ್ಚು. ಒದ್ದೆ ಕಲ್ಲಿನ ಮೇಲೆ ಏಳೆಂಟು ಹೆಜ್ಜೆ, ತಲೆ ಮೇಲೆ ಮಳೆ. ಕಮೋಡ್‌ನಿಂದ ಏಳುವಾಗ ಹಿಡ್ಕೊಳ್ಳೋಕೆ ಏನಿಲ್ಲ. ಮತ್ತೆ ಇದೆಲ್ಲ ವಾಪಸ್, ಒದ್ದೆ ಕಾಲಲ್ಲಿ. ನನಗೆ 19 ವರ್ಷ, ಮಂಡಿ ಸರಿ ಇದೆ, ಹಗಲು ಹೊತ್ತು. ಆದರೂ ಎರಡನೇ ಮೆಟ್ಟಿಲಲ್ಲಿ ಕಾಲು ಜಾರಿ ಗೋಡೆ ಹಿಡಿದೆ.

ಮೆಟ್ಟಿಲಿನ ಎತ್ತರ ಅಳೆದೆ. ನನ್ನ ಗೇಣು 19 ಸೆಂಟಿಮೀಟರ್. ಮೆಟ್ಟಿಲು ಒಂದು ಗೇಣು, ಮೇಲೆ ಮೂರು ಬೆರಳು. ನಾನು ಸಿವಿಲ್. ಮನೆಗಳಲ್ಲಿ ಮೆಟ್ಟಿಲಿನ ರೈಸರ್ 190 ಮಿಲಿಮೀಟರ್ ಮೀರಬಾರದು, ಟ್ರೆಡ್ 250ಕ್ಕಿಂತ ಕಡಿಮೆ ಇರಬಾರದು ಅಂತ ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿದೆ. ಇಂಟರ್ನಲ್ಸ್‌ನಲ್ಲಿ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೀನಿ. ಅದು ನಮ್ಮ ದೇಶದ ಕೋಡು, ಬಾಲಿಗೆ ಅನ್ವಯ ಆಗಲ್ಲ, ಸರಿ. ಆದರೆ ಮಂಡಿ ಎಲ್ಲ ದೇಶದಲ್ಲೂ ಒಂದೇ. ಆ ಎರಡು ಮಾರ್ಕ್ಸಿನ ನಂಬರ್ ಯಾರಿಗೋಸ್ಕರ ಇದೆ ಅಂತ ನನಗೆ ಅವತ್ತು ಗೊತ್ತಾಯ್ತು.

ಇಬುಗೆ ಹೇಳಿದ್ವಿ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನಮಗೆ ಅವರ ಭಾಷೆ ಬರಲ್ಲ. ನಾನು ಟ್ರಾನ್ಸ್‌ಲೇಟರ್ ಆ್ಯಪ್ ತೆಗೆಯೋ ಅಷ್ಟರಲ್ಲಿ ಅಜ್ಜಿ ತಮ್ಮ ಮಂಡಿ ಮುಟ್ಟಿ, ಮೆಟ್ಟಿಲು ತೋರಿಸಿ, ಕೈಯಲ್ಲೇ ಜಾರೋ ಥರ ಮಾಡಿದರು. ಇಬು ತಮ್ಮ ಮಂಡಿ ಮುಟ್ಟಿಕೊಂಡು "ಮೇಮೆ" ಅಂದರು. ಬಾಲಿ ಭಾಷೆಯಲ್ಲಿ ಮೇಮೆ ಅಂದ್ರೆ ತಾಯಿ. ಅವರ ತಾಯಿಗೂ ಅದೇ ಕಷ್ಟ ಅಂತ ನಮಗೆಲ್ಲ ಅರ್ಥ ಆಯ್ತು.

ಪಕ್ಕದ ಪಾಯದ ಕೆಲಸದವರ ಹತ್ತಿರ ಎರಡು ಉದ್ದದ ಬಿದಿರು ಇಸ್ಕೊಂಡು ಬಂದರು. ಮೇಲೆ ಕೆಳಗೆ ಕಂಬಗಳಿಗೆ ಹಗ್ಗದಲ್ಲಿ ಬಿಗಿದು ಕಟ್ಟಿದರು. ಅಪ್ಪ ನೇತಾಡಿ ಟೆಸ್ಟ್ ಮಾಡಿದರು, ಅಲುಗಲಿಲ್ಲ. ಕಲ್ಲಿನ ಮೇಲೆ ತೂತು ತೂತಿನ ರಬ್ಬರ್ ಮ್ಯಾಟ್ ಹಾಸಿದರು, ಕಮೋಡ್ ಪಕ್ಕ ಒಂದು ಭಾರದ ಪ್ಲಾಸ್ಟಿಕ್ ಕುರ್ಚಿ ಇಟ್ಟರು, ಕೈ ಊರೋಕೆ. ಪಾಚಿಯನ್ನ ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರು. ಲೈಟು ಸಂಜೆಯಿಂದ ಬೆಳಗಿನತನಕ ಉರೀಲಿ ಅಂದರು. ಎಲ್ಲ ಸೇರಿ ಒಂದು ಗಂಟೆ ಕೆಲಸ. ಪೂಲಿನ ಒಂದು ದಿನದ ಕರೆಂಟ್ ಖರ್ಚೂ ಆಗಿರಲಿಕ್ಕಿಲ್ಲ.

ಅವತ್ತು ರಾತ್ರಿ ಅಜ್ಜಿ ಊಟ ಆದಮೇಲೆ ಒಂದು ಲೋಟ ನೀರು ಕುಡಿದರು. ಮಧ್ಯರಾತ್ರಿ ಎದ್ದರು, ನಾನೂ ಎದ್ದೆ. "ನೀನ್ಯಾಕೆ ಎದ್ದೆ, ಮಲಕ್ಕೋ" ಅಂತ ಬೈದು, ಬಿದಿರು ಹಿಡ್ಕೊಂಡು ಒಬ್ಬರೇ ಇಳಿದು ಹೋದರು. ಚಾವಣಿಯಲ್ಲಿದ್ದ ದೊಡ್ಡ ಹಲ್ಲಿ "ತೊಕ್ಕೇ, ತೊಕ್ಕೇ" ಅಂತ ಕೂಗ್ತು. "ಲೊಚಗುಟ್ತು ನೋಡು, ಸತ್ಯ" ಅಂತ ಕೆಳಗಿಂದ ಅಜ್ಜಿ ದನಿ. ಆಮೇಲಿನ ಎರಡು ದಿನ ಅಜ್ಜಿ ಬೆಳಿಗ್ಗೆ ಇಬು ಜೊತೆ ಕೂತು, ತೆಂಗಿನಗರಿಯ ಪುಟ್ಟ ತಟ್ಟೆಗೆ ಹೂವು ಜೋಡಿಸಿ ಚನಂಗ್ ಸಾರಿ ಮಾಡೋದು ಕಲಿತರು. ಅದು ಅಲ್ಲಿಯವರ ದಿನನಿತ್ಯದ ನೈವೇದ್ಯ. ಮನೆಬಾಗಿಲಲ್ಲಿ, ಅಂಗಡಿ ಮುಂದೆ ಎಲ್ಲೆಲ್ಲೂ ಇಡ್ತಾರೆ. ಅದನ್ನ ತುಳಿದುಬಿಡ್ತೀನೇನೋ ಅಂತ ಅಜ್ಜಿ ಮೊದಲ ದಿನದಿಂದ ಹೆದರ್ತಿದ್ರು. ಈಗ ಅವರೇ ಮೆಟ್ಟಿಲ ಮೂಲೆಯಲ್ಲಿ ಯಾರ ಕಾಲಿಗೂ ಸಿಗದ ಹಾಗೆ ಇಟ್ಟರು.

ಹೊರಡೋ ದಿನ ಇಬು "ಫೈವ್ ಸ್ಟಾರ್, ಪ್ಲೀಸ್" ಅಂತ ನಗುತ್ತಾ ಕೈ ಹಿಡಿದರು. ನಕ್ಕರೂ ಅದು ಅವರ ಕೆಲಸದ ವಿಷಯ. ರೇಟಿಂಗ್ ಇಳಿದರೆ ಮಾಲೀಕ ಬೈಯೋದು ಮೆಟ್ಟಿಲು ಕಟ್ಟಿಸಿದ ಡಿಸೈನರ್‌ನ ಅಲ್ಲ, ಮೆಟ್ಟಿಲು ಗುಡಿಸೋ ಇಬುನ. ಏರ್‌ಪೋರ್ಟ್‌ನಲ್ಲಿ ಕೂತು ಅರ್ಧ ಗಂಟೆ ಯೋಚಿಸಿದೆ. ನನಗೆ ಕೇಳಿದರೆ ಒಂಬತ್ತು. ಅಜ್ಜಿಗೆ, ಬಿದಿರು ಕಟ್ಟೋ ಮುಂಚೆ, ನಾಲ್ಕು. ಆದರೆ ಸೈಟ್ ಒಂದೇ ನಂಬರ್ ಕೇಳುತ್ತೆ, ಯಾರ ವಯಸ್ಸಿನ ಲೆಕ್ಕದಲ್ಲಿ ಅಂತ ಕೇಳಲ್ಲ. ಸ್ಟಾಫ್‌ಗೆ ಪೂರ್ತಿ ಅಂಕ ಕೊಟ್ಟೆ, ಒಟ್ಟಾರೆಗೆ ಏಳು. ಕೆಳಗೆ ಬರೆದೆ: ಐದು ಮೆಟ್ಟಿಲು, ಒಂದೊಂದೂ ಸುಮಾರು 24 ಸೆಂಟಿಮೀಟರ್, ಕಂಬಿ ಇಲ್ಲ, ಬಾತ್‌ರೂಮ್‌ಗೆ ಮಾಡಿಲ್ಲ, ಮಳೆಯಲ್ಲಿ ಕಲ್ಲು ಜಾರುತ್ತೆ. ವಯಸ್ಸಾದವರಿದ್ದರೆ ಮೊದಲೇ ತಿಳಿಸಿ, ನೋಡಿಕೊಳ್ಳೋರು ಬಿದಿರು ಕಟ್ಟಿಕೊಡ್ತಾರೆ. "ಧನ್ಯವಾದ, ಪರಿಶೀಲಿಸುತ್ತೇವೆ" ಅಂತ ಉತ್ತರ ಬಂತು. ಮೊನ್ನೆ ನೋಡಿದೆ, ಫೋಟೋಗಳು ಅವೇ ಇವೆ. ಕಂಬಿ ಬಂದಿಲ್ಲ.

ಆಮೇಲೆ ಆ 14 ವಿಲ್ಲಾಗಳ ರಿವ್ಯೂಗಳನ್ನ ಮತ್ತೆ ಓದಿದೆ. ಬರೆದವರೆಲ್ಲ ಹನಿಮೂನ್‌ನವರು, ಫ್ರೆಂಡ್ಸ್ ಗ್ಯಾಂಗ್‌ನವರು. ಅಜ್ಜಿಯಂಥವರು ರಿವ್ಯೂ ಬರೆಯಲ್ಲ. ಕೇಳಿದರೂ ಹತ್ತಕ್ಕೆ ಹತ್ತು ಅಂತಾರೆ. 9.3 ಸುಳ್ಳಲ್ಲ, ಅದರಲ್ಲಿ ಅವರಿಲ್ಲ ಅಷ್ಟೇ. ಈಗ ನನ್ನ ಶೀಟ್‌ನ ಮೊದಲ ಕಾಲಂ: ರಾತ್ರಿ ಮಂಚದಿಂದ ಕಮೋಡ್‌ಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ತಲೆ ಮೇಲೆ ಏನಿದೆ. ಇದನ್ನ ಬುಕ್ ಮಾಡೋ ಮುಂಚೆ ಮೆಸೇಜ್ ಮಾಡಿ ಕೇಳಬಹುದು, ಉತ್ತರ ಕೊಡ್ತಾರೆ. ಪೂಲ್ ಕಾಲಂ ಇನ್ನೂ ಇದೆ, ಕೊನೆಯಲ್ಲಿ.

ಕಥೆ ಇಲ್ಲಿಗೇ ಮುಗಿದಿದ್ದರೆ ಬಾಲಿಯವರನ್ನ ಬೈದು ಸುಮ್ಮನಾಗ್ತಿದ್ದೆ. ತಿಪಟೂರಿಗೆ ಬಂದ ರಾತ್ರಿ ನೀರು ಕುಡಿಯೋಕೆ ಎದ್ದಾಗ, ಅಜ್ಜಿ ರೂಮಿನಿಂದ ಬಚ್ಚಲಿನತನಕ ಗೋಡೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ ಕಾಣಿಸ್ತು. ನೆಲದಿಂದ ಮೂರಡಿ ಎತ್ತರದಲ್ಲಿ. ನಾನು ಚಿಕ್ಕವಳಾಗಿದ್ದಾಗಿಂದ ನೋಡಿದ್ದೀನಿ. ಪ್ರತಿ ಸಲ ಬಣ್ಣ ಹೊಡೆಸಿದಾಗಲೂ "ಮತ್ತೆ ಅಲ್ಲೇ ಕೊಳೆ ಆಗುತ್ತೆ" ಅಂತ ಅಮ್ಮ ಗೊಣಗ್ತಾಳೆ. ಅದು ಕೊಳೆ ಅಲ್ಲ. ಅಜ್ಜಿ ಎಷ್ಟೋ ವರ್ಷದಿಂದ ರಾತ್ರಿ ಕೈ ಊರಿಕೊಂಡು ಹೋದ ದಾರಿ. ಬಿಲ್ಡಿಂಗ್ ಡ್ರಾಯಿಂಗ್ ಪೇಪರ್‌ನಲ್ಲಿ ನನಗೆ 88 ಬಂದಿತ್ತು.

ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಮೂರು ಸ್ಟೀಲ್ ಹಿಡಿಕೆ ತಂದು, ಅಪ್ಪ, ನಾನು ಸೇರಿ ಗೋಡೆಗೆ ಹಾಕಿದ್ವಿ. ಡ್ರಿಲ್ ನಾನು ಹಿಡಿದಿದ್ದೆ, ಬಚ್ಚಲ ಟೈಲ್ಸ್ ಒಂದು ಒಡೀತು. ಅಮ್ಮ ಅದಕ್ಕೆ ಇನ್ನೂ ಬೈತಿದ್ದಾಳೆ. ಹಿಡಿಕೆ ಹೆಂಗಿದೆ, ಹತ್ತಕ್ಕೆ ಎಷ್ಟು ಅಂತ ಈ ಸಲ ಅಜ್ಜಿಯನ್ನ ಕೇಳಲಿಲ್ಲ. ಮುಂದಿನ ಸಲ ಹಾಸ್ಟೆಲ್‌ನಿಂದ ಊರಿಗೆ ಹೋದಾಗ ನೋಡಿದೆ. ಒಂದು ಹಿಡಿಕೆ ಮೇಲೆ ಅಜ್ಜಿ ಟವೆಲ್ ಒಣಹಾಕಿದ್ದರು. ಉಳಿದ ಎರಡು ಕೈ ತಾಗಿ ತಾಗಿ ಹೊಳೀತಿದ್ವು.